ಪರ್ಷಿಯನ್ ಬೆಕ್ಕಿನ ಮೈಮೇಲೆ ಕೂದಲು ಗಂಟುಗಟ್ಟಿದೆ, ಮನೆಯಲ್ಲೇ ಬಿಡಿಸಬಹುದಾ?

ಬೆಣ್ಣಿ ಅಮ್ಮ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬೆಣ್ಣಿ ಅಂತ ಒಂದು ಬಿಳಿ ಪರ್ಷಿಯನ್ ಬೆಕ್ಕಿದೆ. ಖರೇ ಹೇಳಬೇಕಂದ್ರೆ ನಮ್ಮದಲ್ಲ, ಮಗಳದು. ಅವಳು ಕೆಲಸಕ್ಕೆ ಅಂತ ಪುಣೆಗೆ ಹೋದಳು, ಬೆಕ್ಕು ನಮ್ಮ ಪಾಲಿಗೆ ಉಳಿಯಿತು. ಮಗಳಿದ್ದಾಗ ದಿನಾ ಬಾಚುತ್ತಿದ್ದಳು. ನಾನು ವಾರಕ್ಕೆ ಎರಡು ಸಲ ಟಿವಿ ನೋಡ್ತಾ ಬ್ರಷ್ ಆಡಿಸುತ್ತಿದ್ದೆ. ನೋಡಲಿಕ್ಕೆ ಚೆಂದ ಕಾಣುತ್ತಿದ್ದಳು, ಹಾಗಾಗಿ ಅಷ್ಟು ಸಾಕು ಅಂದುಕೊಂಡಿದ್ದೆ.

ಗಣೇಶ ಹಬ್ಬಕ್ಕೆ ಮನೆ ತುಂಬಾ ನೆಂಟರು. ನಮ್ಮ ಓಣಿಯ ಗಣಪತಿ ಬೇರೆ 11 ದಿನದ್ದು. ಪಟಾಕಿ, ಡೊಳ್ಳು, ಡಿಜೆ ಸದ್ದಿಗೆ ಬೆಣ್ಣಿ ಮಂಚದ ಕೆಳಗೆ ಸೇರಿದವಳು ಊಟಕ್ಕೆ ಮಾತ್ರ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿದ್ದಳು. ಬಾಚಲಿಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಮೊನ್ನೆ ತೊಡೆ ಮೇಲೆ ಕೂರಿಸಿಕೊಂಡು ಬೆನ್ನು ಸವರಿದರೆ ಬಾಲದ ಬುಡದ ಹತ್ತಿರ ಕೈಗೆ ಖಡಕ್ ರೊಟ್ಟಿಯ ತುಂಡು ಸಿಕ್ಕ ಹಾಗಾಯಿತು! ಅಂಗೈ ಅಗಲ ಇದೆ. ಕೂದಲೆಲ್ಲ ಒಂದಕ್ಕೊಂದು ಅಂಟಿಕೊಂಡು ಹಲಗೆ ಆಗಿದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗೋದಿಲ್ಲ. ಹುಡುಕಿದರೆ ಎರಡೂ ಕಿವಿ ಹಿಂದೆ, ಮುಂಗಾಲಿನ ಕಂಕುಳಲ್ಲಿ ಸಣ್ಣ ಸಣ್ಣ ಗಂಟು ಬೇರೆ ಇವೆ. ಬೆನ್ನಿನದನ್ನ ಮುಟ್ಟಿದರೆ ಗುರ್ ಅಂತಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಮಾಡಿದವಳಲ್ಲ.

ನಮ್ಮ ಅತ್ತೆ ಬಂದು ಮುಟ್ಟಿ ನೋಡಿ, "ಇದು ಯಲ್ಲಮ್ಮನ ಜಡಿ ಐತಿ, ಕತ್ತರಿ ಹಚ್ಚಬ್ಯಾಡ" ಅಂದರು. ಅರ್ಧ ಚಾಷ್ಟಿ, ಅರ್ಧ ಖರೇ.

ಈಗ ನನ್ನ ಪ್ರಶ್ನೆ. ಬಿಸಿನೀರಲ್ಲಿ ಸ್ನಾನ ಮಾಡಿಸಿ ಕಂಡಿಷನರ್ ಹಚ್ಚಿದರೆ ಬಿಡುತ್ತದಾ? ಕತ್ತರಿಯಿಂದ ಕತ್ತರಿಸಿದರೆ ನಡೆಯುತ್ತದಾ? ಇಲ್ಲ ನಮ್ಮ ಮನೆಯವರ ಗಡ್ಡದ ಟ್ರಿಮ್ಮರ್ ಹಿಡಿದು ತೆಗೆಯಲಾ? ಪೆಟ್ ಅಂಗಡಿಯ ಹುಡುಗ ಪೂರ್ತಿ ಬೋಳಿಸಿಬಿಡಿ ಆಂಟಿ ಅಂತಾನೆ. ಮಗಳಿಗೆ ಇನ್ನೂ ಹೇಳಿಲ್ಲ.

ಮಾಳಮಡ್ಡಿ ಮನೆ

ಕತ್ತರಿ ಬೇಡ. ಬೇಡ ಅಂದ್ರೆ ಬೇಡ ಅಕ್ಕಾ.

ನಾನೇ ಮಾಡಿ ಕೆಟ್ಟಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿದ್ದೀನಿ. ಎರಡು ವರ್ಷದ ಹಿಂದೆ ನಮ್ಮ ಬೆಕ್ಕಿನ ಕಂಕುಳಲ್ಲಿ ಒಂದು ಗಂಟು, ಗೋಲಿಯಷ್ಟು. ಸುಮ್ನೆ ಎತ್ತಿ ಹಿಡಿದು ಬುಡಕ್ಕೆ ಕತ್ತರಿ ಹಾಕಿದೆ. ಬೆಕ್ಕು ಕೂಗಲೂ ಇಲ್ಲ, ಜಿಗಿದು ಓಡಿತು. ಗಂಟು ಕೈಯಲ್ಲಿತ್ತು, ಅದರ ಅಡಿಗೆ ಒಂದು ಚೂರು ಚರ್ಮವೂ ಇತ್ತು. ರಾತ್ರಿ 9 ಗಂಟೆಗೆ ಆಟೋ ಹಿಡಿದು ಡಾಕ್ಟರ್ ಹತ್ತಿರ ಓಡಿದೆವು, 3 ಹೊಲಿಗೆ ಬಿತ್ತು. ಗಂಟನ್ನು ಎತ್ತಿದಾಗ ಅದರ ಜೊತೆ ಚರ್ಮವೂ ಡೇರೆ ಥರ ಮೇಲೆ ಬರುತ್ತದೆ, ಬೆಕ್ಕಿನ ಚರ್ಮ ಅಷ್ಟು ತೆಳು, ಅಷ್ಟು ಸಡಿಲ. ಎಲ್ಲಿ ಕೂದಲು ಮುಗಿಯಿತು, ಎಲ್ಲಿ ಚರ್ಮ ಶುರುವಾಯಿತು ಅಂತ ಕಣ್ಣಿಗೆ ಕಾಣೋದೇ ಇಲ್ಲ.

ಗದಗಿನ ಗೌರಿ

ನಮ್ಮಲ್ಲಿ ಎರಡು ಪರ್ಷಿಯನ್ ಇವೆ, 8 ವರ್ಷದಿಂದ. ನನಗೆ ತಿಳಿದಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸ್ನಾನದ ವಿಷಯ. ಗಂಟು ಇರುವಾಗ ನೀರು ಮುಟ್ಟಿಸಲೇಬೇಡಿ. ಒದ್ದೆಯಾಗಿ ಒಣಗಿದ ಮೇಲೆ ಗಂಟು ಇನ್ನೂ ಬಿಗಿಯಾಗುತ್ತದೆ, ಒಳಗಿನ ತೇವ ಬೇಗ ಆರೋದಿಲ್ಲ, ಚರ್ಮ ಕೆಡುತ್ತದೆ. ಮೊದಲು ಗಂಟು, ಆಮೇಲೆ ಸ್ನಾನ.

ನೀವು ವಾರಕ್ಕೆ ಎರಡು ಸಲ ಬಾಚಿಯೂ ಹೀಗ್ಯಾಕೆ ಆಯಿತು ಅಂದರೆ, ಬ್ರಷ್ ಮೇಲೆ ಮೇಲೆ ಓಡಿದೆ. ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದು. ಈ ಬೆಕ್ಕುಗಳ ಕೂದಲಲ್ಲಿ ಎರಡು ಪದರ ಇರುತ್ತದೆ. ಮೇಲಿನದು ಉದ್ದ, ನುಣುಪು. ಒಳಗಿನದು ಅರಳೆ ಹಾಗೆ ಮೆತ್ತಗೆ. ಉದುರೋದು ಜಾಸ್ತಿ ಒಳಗಿನದು, ಅದು ಕೆಳಗೆ ಬೀಳದೆ ಮೇಲಿನ ಉದ್ದ ಎಳೆಗೆ ಸಿಕ್ಕಿಕೊಂಡು ಅಲ್ಲೇ ಗಂಟಾಗುತ್ತದೆ. ಮೈ ಮೈಗೆ ಉಜ್ಜುವ ಜಾಗದಲ್ಲಿ ಮೊದಲು ಶುರು: ಕಿವಿ ಹಿಂದೆ, ಕಂಕುಳು, ಹೊಟ್ಟೆ, ತೊಡೆ ಸಂದಿ, ಕೊರಳಪಟ್ಟಿಯ ಕೆಳಗೆ. ನಿಮಗೆ ಬೇಕಾಗಿರೋದು ಸ್ಟೀಲಿನ ಹಣಿಗೆ. ಒಂದು ಅರ್ಧ ಹಲ್ಲು ಅಗಲ, ಇನ್ನೊಂದು ಅರ್ಧ ಒತ್ತಾಗಿ ಇರುವಂಥದ್ದು ಸಿಗುತ್ತದೆ. ಅದು ಚರ್ಮದ ತನಕ ಹೋಗಿ ಎಲ್ಲೂ ತಡೆಯದೆ ತುದಿ ತನಕ ಬಂದರೆ ಬಾಚಿದ ಹಾಗೆ.

ಕಿವಿ ಹಿಂದಿನ ಸಣ್ಣ ಗಂಟು ಮನೆಯಲ್ಲೇ ಆಗುತ್ತದೆ. ಗೋಬಿ ಮಂಚೂರಿಗೆ ಹಾಕ್ತೀವಲ್ಲ, ಆ ಕಾರ್ನ್‌ಫ್ಲೋರ್ ಒಂದು ಚಿಟಿಕೆ ಗಂಟಿನ ಮೇಲೆ ಉದುರಿಸಿ ಬೆರಳಲ್ಲಿ ಒಳಗೆ ತಿಕ್ಕಿ, ಎಳೆ ಜಾರುತ್ತದೆ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಬೇಡ, ಅದನ್ನ ಉಸಿರಲ್ಲಿ ಎಳೆದುಕೊಳ್ಳುತ್ತವೆ, ನೆಕ್ಕುತ್ತವೆ. ಆಮೇಲೆ ಗಂಟಿನ ಬುಡವನ್ನ ಎಡಗೈಯ ಎರಡು ಬೆರಳಲ್ಲಿ ಚಿವುಟಿ ಹಿಡಿಯಬೇಕು. ಇದು ಮುಖ್ಯ, ಹೀಗೆ ಹಿಡಿದರೆ ಎಳೆತ ನಿಮ್ಮ ಬೆರಳಿಗೆ ಬೀಳುತ್ತದೆ, ಅದರ ಚರ್ಮಕ್ಕೆ ಬೀಳೋದಿಲ್ಲ. ಬಲಗೈಯ ಬೆರಳಿಂದ ಗಂಟನ್ನ ಉದ್ದಕ್ಕೆ ಎರಡು ಸೀಳು ಮಾಡಿ, ಆ ಎರಡನ್ನ ನಾಲ್ಕು ಮಾಡಿ. ಆಮೇಲೆ ಹಣಿಗೆ, ಅದೂ ತುದಿಯಿಂದ ಶುರು, ಸ್ವಲ್ಪ ಸ್ವಲ್ಪವೇ ಬುಡದ ಕಡೆಗೆ. ಮಕ್ಕಳ ತಲೆಯ ಸಿಕ್ಕು ಬಿಡಿಸ್ತೀವಲ್ಲ, ಅದೇ ಲೆಕ್ಕ. ಒಂದು ಸಲಕ್ಕೆ 5 ನಿಮಿಷ ಸಾಕು. ಬಾಲ ಪಟಪಟ ಬಡಿಯಲಿಕ್ಕೆ ಶುರುಮಾಡಿದಳು ಅಂದರೆ ಬಿಟ್ಟುಬಿಡಿ, ಏನಾದರೂ ತಿನ್ನಲಿಕ್ಕೆ ಕೊಡಿ. ದಿನಕ್ಕೆ ಒಂದು ಗಂಟು ಬಿಟ್ಟರೂ ಗೆದ್ದ ಹಾಗೆ.

ಗಡ್ಡದ ಟ್ರಿಮ್ಮರ್‌ಗೆ ಈ ಕೂದಲು ಬಗ್ಗೋದಿಲ್ಲ. ಎರಡು ಸೆಕೆಂಡಿಗೆ ಹಲ್ಲಲ್ಲಿ ಅರಳೆ ಸಿಕ್ಕಿಕೊಂಡು ಎಳೆಯುತ್ತದೆ, ಆಮೇಲೆ ಬೆಕ್ಕು ಆ ಸದ್ದು ಕೇಳಿದರೇ ಓಡುತ್ತದೆ. ಪ್ರಾಣಿಗಳ ಕ್ಲಿಪ್ಪರ್ ಬೇರೆ ಬರುತ್ತದೆ, 10 ನಂಬರ್ ಬ್ಲೇಡ್ ಹಾಕ್ತಾರೆ. ಅದೂ ಬೇಗ ಕಾಯುತ್ತದೆ, ಆಗಾಗ ನಿಲ್ಲಿಸಿ ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಬೇಕು.

ಬೆನ್ನಿನ ಹಲಗೆಗೆ ಮಾತ್ರ ಕೈ ಹಾಕಬೇಡಿ. ಒಂದು ಪರೀಕ್ಷೆ ಹೇಳ್ತೀನಿ: ಹಣಿಗೆಯ ಹಲ್ಲು ಗಂಟಿಗೂ ಚರ್ಮಕ್ಕೂ ನಡುವೆ ಸುಮ್ನೆ ತೂರುತ್ತದಾ ನೋಡಿ. ತೂರದಿದ್ದರೆ ಅದು ಡಾಕ್ಟರ ಕೆಲಸ.

ಗೋಕುಲ ರೋಡ್ ಗೆಳೆಯ

ಇಷ್ಟೆಲ್ಲ ಯಾಕ್ರೀ? ಕೊಬ್ಬರಿ ಎಣ್ಣೆ ಚೆನ್ನಾಗಿ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಬಾಚಿದರೆ ಆಯ್ತು. ಚರ್ಮ ಕೆಂಪಾಗಿದ್ದರೆ ಒಂದೆರಡು ಹನಿ ಟೀ ಟ್ರೀ ಎಣ್ಣೆ ಸೇರಿಸಿ, ಡೆಟಾಲ್ ನೀರಲ್ಲಿ ಒರೆಸಿ. ನಮ್ಮ ನಾಯಿಗೆ ಹೀಗೇ ಮಾಡ್ತೀವಿ.

ಗದಗಿನ ಗೌರಿ

ಗೆಳೆಯರೇ, ನಾಯಿಗೆ ಮಾಡಿದ್ದನ್ನ ಬೆಕ್ಕಿಗೆ ದಯವಿಟ್ಟು ಹೇಳಬೇಡಿ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ. ಅದರ ಲಿವರ್‌ಗೆ ಇಂಥವನ್ನ ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಡೆಟಾಲ್, ಫಿನಾಯಿಲ್ ಕೂಡ ಹಾಗೇ. ನಾಯಿಗೆ ಹಾಕುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬಂದು ಸಾಯಬಹುದು. ಕೊಬ್ಬರಿ ಎಣ್ಣೆ ವಿಷ ಅಲ್ಲ, ಆದರೆ ರಾತ್ರಿಯೆಲ್ಲ ನೆಕ್ಕಿ ಬೆಳಿಗ್ಗೆ ಭೇದಿ ಮಾಡಿಕೊಳ್ಳುತ್ತದೆ, ಮನೆಯ ಧೂಳೆಲ್ಲ ಮೈಗೆ ಮೆತ್ತಿಕೊಂಡು ಗಂಟು ಇನ್ನೂ ದಪ್ಪ ಆಗುತ್ತದೆ.

ಗೋಕುಲ ರೋಡ್ ಗೆಳೆಯ

ಸರಿ ಅಕ್ಕಾರ, ಗೊತ್ತಿರಲಿಲ್ಲ. ವಾಪಸ್ ತಗೊಂಡೆ.

ಹಾವೇರಿ ಹಟ್ಟಿ

ನನಗೆ ಬೆಕ್ಕಿನ ಬಗ್ಗೆ ಅಷ್ಟು ಗೊತ್ತಿಲ್ಲ, ಉಣ್ಣೆ ಬಗ್ಗೆ ಗೊತ್ತು. ನಮ್ಮದು ಕುರಿ ಸಾಕಿದ ಮನೆತನ, ರಾಣೇಬೆನ್ನೂರು ಕಡೆ. ನೀರು ಯಾಕೆ ಬೇಡ ಅಂತ ಗೌರಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಖರೇ. ಉಣ್ಣೆಯ ಒಂದೊಂದು ಎಳೆಗೂ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರ ಇರುತ್ತದೆ. ಒದ್ದೆ ಮಾಡಿ ಉಜ್ಜಿದರೆ ಒಂದರ ಹುರುಪೆ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡೋದಿಲ್ಲ. ಕಂಬಳಿ ಒದ್ದೆಯಾದಷ್ಟೂ, ತುಳಿದಷ್ಟೂ ಒತ್ತಾಗುತ್ತದೆ ಅಲ್ವಾ, ಅದೇ. ನಿಮ್ಮ ಬೆಕ್ಕು ಬೆನ್ನ ಮೇಲೆ ಒಂದು ಸಣ್ಣ ಕಂಬಳಿ ನೇಯ್ದುಕೊಂಡಿದೆ ಅಂತ ತಿಳಕೊಳ್ಳಿ.

ನಮ್ಮ ಅಜ್ಜ ಕುರಿಯ ಉಣ್ಣೆ ಕತ್ತರಿಸುವಾಗ ನೋಡಿದ್ದೇನೆ. ಎಡಗೈಯಲ್ಲಿ ಚರ್ಮವನ್ನ ಹಿಂದಕ್ಕೆ ಎಳೆದು ಬಿಗಿ ಮಾಡಿಕೊಂಡೇ ಕತ್ತರಿ ಓಡಿಸುತ್ತಿದ್ದ. ಉಣ್ಣೆ ಹಿಡಿದು ಎತ್ತಿದ ಹುಡುಗರಿಗೆ ಬೈಗಳ. ಅಷ್ಟು ಕೈ ಪಳಗಿದ ಮನುಷ್ಯನ ಕೈಯಲ್ಲೂ ಒಂದೊಂದು ಸಲ ಗಾಯ ಆಗುತ್ತಿತ್ತು, ಅರಿಶಿನ ಹಚ್ಚಿ ಬಿಡುತ್ತಿದ್ದ. ಮಾಳಮಡ್ಡಿಯವರ ಕಥೆ ಓದಿ ಅದು ನೆನಪಾಯಿತು.

ಇನ್ನೊಂದು. ಬೆಕ್ಕು ಹಿತ್ತಲಿಗೆ ಹೋಗುತ್ತದಾ? ಈಗ ಮಳೆಗಾಲ ಮುಗೀತಾ ಬಂತು, ಉತ್ತರಾಣಿ ಕಾಳು ಎಲ್ಲ ಕಡೆ ಇರುತ್ತದೆ. ನಮ್ಮ ಮನೆಗೂ ಒಂದು ಜೂಲು ಬೆಕ್ಕು ಬಂದು ಸೇರಿದೆ, ಅದರ ಗಂಟು ಬಿಡಿಸಿದರೆ ನಡುವೆ ಹತ್ತಕ್ಕೆ ಆರು ಸಲ ಉತ್ತರಾಣಿ ಕಾಳೇ ಕೂತಿರುತ್ತದೆ. ಇಲ್ಲ ಅಂದರೆ ಎರೆ ಮಣ್ಣಿನ ಹೆಂಟೆ.

ಹಳೇ ಕಂಪೌಂಡರ್, ಧಾರವಾಡ

ಒಂದು ಪಶು ಕ್ಲಿನಿಕ್‌ನಲ್ಲಿ ಬಹಳ ವರ್ಷ ಕಂಪೌಂಡರ್ ಆಗಿದ್ದೆ. ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಎಲ್ಲರೂ ಗಂಟು ಹೇಗೆ ತೆಗೆಯೋದು ಅಂತ ಹೇಳ್ತಿದ್ದೀರಿ. ನನಗೆ ಅದಕ್ಕಿಂತ ಆ ಗಂಟು ಎಲ್ಲಿ ಬಂದಿದೆ ಅನ್ನೋದೇ ಕಣ್ಣಿಗೆ ಕುಕ್ಕುತ್ತಿದೆ. ಕಿವಿ ಹಿಂದೆ, ಕಂಕುಳಲ್ಲಿ ಬಂದರೆ ಸರಿ, ಉಜ್ಜಿ ಬಂತು ಅನ್ನಬಹುದು. ಆದರೆ ಸೊಂಟದ ಮೇಲೆ, ಬಾಲದ ಬುಡದಲ್ಲಿ ಅಂಗೈ ಅಗಲ ಅಂದರೆ ಬೆಕ್ಕು ಅಲ್ಲಿ ನೆಕ್ಕಿಕೊಳ್ಳೋದನ್ನ ಬಿಟ್ಟಿದೆ. ಬೆಕ್ಕಿಗೆ ನಾಲಿಗೆಯೇ ಹಣಿಗೆ. ಅದರ ಮೇಲಿನ ಮುಳ್ಳು ಉದುರಿದ ಕೂದಲನ್ನ ಎಳೆದು ತೆಗೆಯುತ್ತದೆ. ಆ ಜಾಗಕ್ಕೆ ನಾಲಿಗೆ ಮುಟ್ಟಬೇಕಂದ್ರೆ ಬೆನ್ನು ಪೂರಾ ತಿರುಗಿಸಬೇಕು. ಮೈ ಬಂದ ಬೆಕ್ಕಿಗೆ ಆಗೋದಿಲ್ಲ. ಕೀಲು ನೋವಿದ್ದ ಬೆಕ್ಕಿಗೂ ಆಗೋದಿಲ್ಲ, ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ, ಕುಂಟದೇ ಇರೋದರಿಂದ ಮನೆಯವರಿಗೆ ಗೊತ್ತಾಗೋದಿಲ್ಲ. ಬಾಯಿ ನೋವಿದ್ದರೂ ನೆಕ್ಕೋದಿಲ್ಲ.

ಹಾಗಾಗಿ ಕೇಳ್ತೀನಿ ಅಕ್ಕಾರ. ವಯಸ್ಸೆಷ್ಟು? ತೂಕ ಎಷ್ಟು? ಮೊದಲಿನ ಹಾಗೆ ಕಪಾಟಿನ ಮೇಲೆ ಹಾರುತ್ತಾಳಾ? ಬಾಯಿ ವಾಸನೆ ಇದೆಯಾ, ಗಲ್ಲದ ಕೂದಲು ಒದ್ದೆ ಇರುತ್ತದಾ? ಉಣ್ಣುವಾಗ ತಲೆ ಒಂದು ಕಡೆ ವಾಲಿಸುತ್ತಾಳಾ?

ಗಂಟಿನ ಅಂಚಲ್ಲಿ ಕಪ್ಪು ಕಪ್ಪು ಪುಡಿ ಕಂಡರೆ ಅದನ್ನ ಒದ್ದೆ ಬಿಳಿ ಬಟ್ಟೆ ಮೇಲೆ ಇಡಿ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹೇಲು. ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು, ಪರ್ಷಿಯನ್‌ಗಳಲ್ಲಿ ಜಾಸ್ತಿ, ನಿಮ್ಮ ಕೈಗೂ ಹತ್ತುತ್ತದೆ. ಕೆಟ್ಟ ವಾಸನೆ ಬರುತ್ತಿದ್ದರೆ ಇವತ್ತೇ ಕರೆದುಕೊಂಡು ಹೋಗಿ, ಮಳೆಗಾಲದಲ್ಲಿ ಒದ್ದೆ ಗಂಟಿನ ಕೆಳಗೆ ನೊಣ ಮೊಟ್ಟೆ ಇಟ್ಟು ಹುಳ ಬಿದ್ದದ್ದನ್ನ ನಾನೇ ಚಿಮಟದಲ್ಲಿ ತೆಗೆದಿದ್ದೇನೆ. ನೋವಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಅರ್ಧ ಮಾತ್ರೆ ಸಾಕು ಬೆಕ್ಕಿನ ಜೀವ ಹೋಗಲಿಕ್ಕೆ.

ಬೆಣ್ಣಿ ಅಮ್ಮ, ಹುಬ್ಬಳ್ಳಿ

ಎಲ್ಲರ ಉತ್ತರ ಓದಿದೆ. ಕಂಪೌಂಡರ್ ಅಣ್ಣಾರ, ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕಂತು. ವಯಸ್ಸು 9. ತೂಕ, ನಾನು ಅವಳನ್ನೆತ್ತಿಕೊಂಡು ನಿಂತು ಆಮೇಲೆ ನನ್ನದು ಕಳೆದೆ, ಹತ್ತಿರ ಹತ್ತಿರ 4 ಕೆಜಿ, ದಪ್ಪ ಇಲ್ಲ. ಫ್ರಿಜ್ ಮೇಲೆ ಈಗಲೂ ಹಾರುತ್ತಾಳೆ. ಆದರೆ ಬಾಯಿ ವಾಸನೆ ಇದೆ, ಬೆಕ್ಕಿಗೆ ಇರೋದೇ ಅಂತ ಸುಮ್ಮನಿದ್ದೆ. ಒಣ ಕಾಳು ಹಾಕಿದರೆ ಒಂದೆರಡು ಬಾಯಿಗೆ ಹಾಕಿಕೊಂಡು ಉಗುಳ್ತಾಳೆ, ಮಗಳ ನೆನಪಿಗೆ ಹಟ ಮಾಡ್ತಾಳೆ ಅಂತ ನಮ್ಮ ಮನೆಯವರು ಕೈಯಾರೆ ಅನ್ನ ಮೀನು ಕಲಸಿ ತಿನ್ನಿಸ್ತಿದ್ದರು. ಗಲ್ಲ ನೋಡಿದೆ. ಎಡಗಡೆ ಕೂದಲು ಕಂದು ಬಣ್ಣಕ್ಕೆ ತಿರುಗಿ ಕಡ್ಡಿ ಕಡ್ಡಿ ಆಗಿದೆ.

ಕಿವಿ ಹಿಂದಿನ ಎರಡು ಗಂಟು ಕಾರ್ನ್‌ಫ್ಲೋರ್ ಹಾಕಿ ಬಿಡಿಸಿದೆ, ಮೂರು ದಿನ ಹಿಡಿಯಿತು. ಹಿತ್ತಲಿಗೆ ಹೋಗೋದಿಲ್ಲ, ಆದರೂ ಒಂದರಲ್ಲಿ ನಮ್ಮ ಅತ್ತೆಯ ಹೂಬತ್ತಿಯ ಅರಳೆ ಸಿಕ್ಕಿತು! ನಾಳೆ ಡಾಕ್ಟರ್ ಹತ್ತಿರ ಹೋಗ್ತೀವಿ. ಬೋಳಿಸಬೇಕಂದ್ರೆ ಮತ್ತು ಬರುವ ಔಷಧಿ ಕೊಡಬೇಕಾಗಬಹುದು ಅಂತ ಫೋನಲ್ಲೇ ಹೇಳಿದರು, ಅದೊಂದು ಹೆದರಿಕೆ.

ಹಳೇ ಕಂಪೌಂಡರ್, ಧಾರವಾಡ

ಹೆದರಿಕೆ ಇರಲಿ, ಆದರೆ ಹೋಗಿ. ಚಪ್ಪಟೆ ಮೂಗಿನ ಬೆಕ್ಕಿಗೆ ಮತ್ತು ಬರಿಸುವಾಗ ಉಸಿರಿನ ಕಡೆ ಜಾಸ್ತಿ ನಿಗಾ ಬೇಕು, ನೀವೇ ನೆನಪು ಮಾಡಿ. ಕಿಡ್ನಿಗೆ ರಕ್ತ ಪರೀಕ್ಷೆ ಮೊದಲೇ ಮಾಡಿಸಿ. ಎಷ್ಟು ಹೊತ್ತು ಊಟ ಬಿಡಿಸಬೇಕು ಅಂತ ಅವರನ್ನೇ ಕೇಳಿ, ಅಷ್ಟೇ ಬಿಡಿಸಿ. ಹಲ್ಲಿನ ತೊಂದರೆ ಇದ್ದರೆ ಒಂದೇ ಸಲದ ಮತ್ತಲ್ಲಿ ಎರಡೂ ಕೆಲಸ ಆಗುತ್ತದಾ ಕೇಳಿ ನೋಡಿ.

ಮಾಳಮಡ್ಡಿ ಮನೆ

ಬೋಳಿಸಿದ ಮೇಲೆ ಎರಡು ದಿನ ಮುಖ ತೋರಿಸೋದಿಲ್ಲ ಅಕ್ಕಾ, ನಾಚಿಕೆನೋ ಚಳಿನೋ ಗೊತ್ತಿಲ್ಲ. ಒಂದು ಹಳೇ ಸ್ವೆಟರ್ ಮೂಲೆಯಲ್ಲಿ ಹಾಸಿಡಿ. ಬಿಸಿಲಿಗೆ ಬಿಡಬೇಡಿ, ಬಿಳಿ ಬೆಕ್ಕಿನ ಚರ್ಮ ಸುಡುತ್ತದೆ. ಮಗಳಿಗೆ ಈಗಲೇ ಹೇಳಿಬಿಡಿ. ವಿಡಿಯೋ ಕಾಲ್‌ನಲ್ಲಿ ಗೊತ್ತಾಗೋದಕ್ಕಿಂತ ವಾಸಿ.

ಬೆಣ್ಣಿ ಅಮ್ಮ, ಹುಬ್ಬಳ್ಳಿ

ಮೂರು ವಾರ ಆಯಿತು, ಹೇಳಲಿಕ್ಕೆ ತಡ ಆಯಿತು. ಕೇಳಿದವರಿಗೆಲ್ಲ ಥ್ಯಾಂಕ್ಸ್.

ಹಲ್ಲೇ ಕಾರಣ. ಎಡಗಡೆ ಕೆಳಗಿನ ಎರಡು ದವಡೆ ಹಲ್ಲು ಒಸಡಿನ ಹತ್ತಿರ ಕರಗಿ ತೂತು ಬಿದ್ದಿದ್ದವು. ಬೆಕ್ಕುಗಳಲ್ಲಿ ಇದು ಸಾಮಾನ್ಯ, ಬಹಳ ನೋವು ಕೊಡುತ್ತದೆ ಅಂದರು. ಡಾಕ್ಟರ್ ಎಕ್ಸ್‌ರೇ ತೋರಿಸಿದಾಗ ನಮ್ಮ ಮನೆಯವರು ತಮ್ಮ ಗಲ್ಲ ಹಿಡಿದುಕೊಂಡು ನಿಂತಿದ್ದರು. ರಕ್ತ ಪರೀಕ್ಷೆ ಸರಿ ಬಂತು. ಎರಡು ಹಲ್ಲು ತೆಗೆದು, ಅದೇ ಮತ್ತಲ್ಲಿ ಬೆನ್ನಿನ ಹಲಗೆಯನ್ನೂ ಕ್ಲಿಪ್ಪರ್‌ನಲ್ಲಿ ತೆಗೆದರು. ಪೂರ್ತಿ ಬೋಳಿಸಲಿಲ್ಲ, ಸೊಂಟ, ಹೊಟ್ಟೆ, ಕಂಕುಳು ಅಷ್ಟೇ. ಹಲಗೆಯ ಕೆಳಗೆ ಚರ್ಮ ಗುಲಾಬಿ ಬಣ್ಣಕ್ಕಿತ್ತು, ಒಂದು ಕಡೆ ಎಂಟಾಣೆಯಷ್ಟು ಹಸಿ ಹಸಿ. ಅದಕ್ಕೆ ಮುಲಾಮು, ನೆಕ್ಕದ ಹಾಗೆ ಕೊರಳಿಗೆ ಲಾಳಿಕೆಯಂಥದ್ದು 7 ದಿನ. ಕೂದಲು ಮೊದಲಿನಷ್ಟು ಬರಲಿಕ್ಕೆ 5-6 ತಿಂಗಳು ಬೇಕಂತೆ. ಈಗ ಹಿಂದಿನಿಂದ ನೋಡಿದರೆ ಥೇಟ್ ಬೋಳು ಕೋಳಿ.

ಮಗಳು ಬೈದಳು, ಅತ್ತಳು, ಆಮೇಲೆ ಸ್ಟೀಲ್ ಹಣಿಗೆ ತಾನೇ ತರಿಸಿ ಕಳಿಸಿದಳು. ದಿನಾ ರಾತ್ರಿ ಊಟ ಆದ ಮೇಲೆ 5 ನಿಮಿಷ, ಇವತ್ತು ಕಿವಿ ಹಿಂದೆ, ನಾಳೆ ಎದೆ ಅಂತ ಸರದಿ ಮಾಡಿಕೊಂಡಿದ್ದೇನೆ. ಮೊನ್ನೆ ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಹಿಂಗಾಲು ಮೇಲೆತ್ತಿ ಚಪ್ ಚಪ್ ಅಂತ ನೆಕ್ಕಿಕೊಳ್ಳುತ್ತಿದ್ದಳು. ಆ ಸದ್ದು ಮನೆಯಲ್ಲಿ ಕೇಳಿ ಎಷ್ಟು ದಿನ ಆಗಿತ್ತು ಅಂತ ಆಗ ಹೊಳೆಯಿತು ನೋಡಿ. ಒಣ ಕಾಳನ್ನೂ ಬಲಗಡೆ ದವಡೆಯಲ್ಲಿ ಕಟುಂ ಕಟುಂ ಅಂತ ತಿಂತಾಳೆ.

ತೆಗೆದ ಹಲಗೆಯನ್ನ ಡಾಕ್ಟರ್ ಒಂದು ಕವರಲ್ಲಿ ಹಾಕಿ ಕೊಟ್ಟಿದ್ದರು. ಹಾವೇರಿ ಅಣ್ಣಾರ, ನೀವು ಹೇಳಿದ್ದು ಖರೇ, ಮಗುಚಿ ನೋಡಿದರೆ ಕಂಬಳಿಯೇ. ಅತ್ತೆ ಅದನ್ನ ಕಸದ ಗಾಡಿಗೆ ಹಾಕಲು ಬಿಡಲಿಲ್ಲ. ಸ್ವಲ್ಪ ಭಂಡಾರ ಹಚ್ಚಿ, ಹಿತ್ತಲ ಕರಿಬೇವಿನ ಬುಡಕ್ಕೆ ಹೂತು ಬಂದರು.

ಹಾವೇರಿ ಹಟ್ಟಿ

ಒಳ್ಳೇ ಕೆಲಸ ಮಾಡಿದರು ಅವ್ವಾರು. ನಮ್ಮಲ್ಲೂ ಕೆಟ್ಟ ಉಣ್ಣೆಯನ್ನ ಗಿಡದ ಬುಡಕ್ಕೇ ಹಾಕೋದು.